ಹಂಚಿನ ಮಾಡೂ ಅಡಿಕೆ ತೋಟವೂ ಒಂದೇ ಬೂದು ಆದ್ರೆ ಎಂತ ಮಾಡೋದು? ಬ್ಲ್ಯಾಕ್ ಅಂಡ್ ವೈಟ್ ಎಡಿಟಿಂಗ್, ಮೊದಲಿಂದ ಕೊನೆವರೆಗೆ

ಬ್ರಹ್ಮಾವರದ ಹತ್ರ ನಮ್ಮ ಅಜ್ಜಿಮನೆ ಉಂಟು, ಹಳೇ ಹಂಚಿನ ಮಾಡು, ಹಿಂದೆ ಅಡಿಕೆ ತೋಟ, ಎದುರು ಅಂಗಳ. ಒಂದು ಜುಲೈಯಲ್ಲಿ ಮಳೆ ಬಿಟ್ಟ ಸಂಜೆ ಅದರ ಫೋಟೋ ತೆಗ್ದೆ, ಕಲರಲ್ಲಿ ತುಂಬಾ ಚಂದ ಬಂದಿತ್ತು, ಒದ್ದೆ ಹಂಚು ಕೆಂಪಗೆ, ತೋಟ ಹಸಿರು ಹಸಿರು. ಇದನ್ನು ಬ್ಲ್ಯಾಕ್ ಅಂಡ್ ವೈಟ್ ಮಾಡಿ ಫ್ರೇಮ್ ಹಾಕಿಸಿ ದೊಡ್ಡಮ್ಮನಿಗೆ ಕೊಡುವ ಅಂತ ಸ್ಯಾಚುರೇಷನ್ (ಬಣ್ಣದ ಗಾಢತೆ) ಪೂರ್ತಿ ಕೆಳಗೆ ಎಳೆದು ಹಾಗೇ ಪ್ರಿಂಟ್ ಹಾಕಿಸಿದೆ. ದೊಡ್ಡಮ್ಮ ಕನ್ನಡಕ ಹಾಕ್ಕೊಂಡು ಸುಮಾರು ಹೊತ್ತು ನೋಡಿ "ಇದ್ರಲ್ಲಿ ಮನೆ ಎಲ್ಲುಂಟು ಮಗಾ?" ಅಂತ ಕೇಳಿದ್ರು. ಅವರು ಕೇಳಿದ್ದು ಸರಿಯೇ, ಮಾಡು ಮತ್ತೆ ತೋಟ ಎರಡೂ ಒಂದೇ ಬೂದು ಆಗಿ ಒಂದರೊಳಗೆ ಒಂದು ಕರಗಿ ಹೋಗಿತ್ತು.

ಆಮೇಲೆ ಸುಮಾರು ವರ್ಷ ಇದನ್ನೇ ಹಿಡ್ಕೊಂಡು ಕೂತಿದ್ದೇನೆ. ಕಲರ್ ಫೋಟೋ ಬ್ಲ್ಯಾಕ್ ಅಂಡ್ ವೈಟ್ ಆಗುವಾಗ ಯಾವ ಬಣ್ಣಕ್ಕೆ ಎಷ್ಟು ಬೆಳಕು ಅಂತ ಯಾರಾದ್ರೂ ತೀರ್ಮಾನ ಮಾಡ್ಲೇಬೇಕು, ನೀವು ಮಾಡದಿದ್ರೆ ಸಾಫ್ಟ್‌ವೇರ್ ಮಾಡ್ತದೆ, ಸಾಫ್ಟ್‌ವೇರಿಗೆ ನಿಮ್ಮ ಅಜ್ಜಿಮನೆ ಗೊತ್ತಿಲ್ಲ. ಆ ತೀರ್ಮಾನ ನಿಮ್ಮ ಕೈಗೆ ತಗೊಳ್ಳೋದು ಹೇಗೆ ಅಂತ ಇಲ್ಲಿ ಒಂದೊಂದಾಗಿ ಹೇಳ್ತೇನೆ. ಫೋಟೋಶಾಪ್, ಲೈಟ್‌ರೂಮ್ ಇಲ್ಲದಿದ್ರೂ ತೊಂದ್ರೆ ಇಲ್ಲ, ಗಿಂಪ್, ಡಾರ್ಕ್‌ಟೇಬಲ್, ಫೋನಲ್ಲಿ ಸ್ನ್ಯಾಪ್‌ಸೀಡ್, ಎಲ್ಲದ್ರಲ್ಲೂ ಇದು ಆಗ್ತದೆ.

ಮೊದಲು ಸ್ವಲ್ಪ ಲೆಕ್ಕ

ಲೆಕ್ಕ ಅಂತ ಬಿಟ್ಟು ಮುಂದೆ ಹೋಗ್ಬೇಡಿ, ಇದೊಂದು ತಲೆಗೆ ಹೋದ್ರೆ ಮುಂದಿನದ್ದೆಲ್ಲ ಸುಲಭ. ಡಿಜಿಟಲ್ ಫೋಟೋದ ಪ್ರತಿ ಚುಕ್ಕೆಗೂ ಮೂರು ನಂಬರ್ ಇರ್ತದೆ, ಕೆಂಪು, ಹಸಿರು, ನೀಲಿ, ಒಂದೊಂದೂ 0ಯಿಂದ 255ರ ಒಳಗೆ. ಈ ಮೂರನ್ನು ಸೇರಿಸಿ ಒಂದೇ ಬೂದು ಮಾಡ್ಲಿಕ್ಕೆ ತುಂಬಾ ಕಡೆ ಬಳಸುವ ಸೂತ್ರದಲ್ಲಿ ಕೆಂಪಿಗೆ 0.299, ಹಸಿರಿಗೆ 0.587, ನೀಲಿಗೆ 0.114 ಪಾಲು, ಯಾಕಂದ್ರೆ ನಮ್ಮ ಕಣ್ಣಿಗೆ ಹಸಿರು ಜಾಸ್ತಿ ಬೆಳಕಾಗಿ ಕಾಣ್ತದೆ, ನೀಲಿ ತೀರಾ ಕಮ್ಮಿ.

ಈಗ ನನ್ನ ಫೋಟೋದ ಹಂಚು ಹೆಚ್ಚುಕಮ್ಮಿ 170, 85, 60 ಅಂತ ಇಟ್ಕೊಳ್ಳಿ, ಅಡಿಕೆ ಸೋಗೆ 85, 125, 50. ಸೂತ್ರಕ್ಕೆ ಹಾಕಿ ನೋಡಿ, ಹಂಚು ಸುಮಾರು 107.5, ಸೋಗೆ ಸುಮಾರು 104.5. ಬರೀ ಮೂರು ನಂಬರಿನ ವ್ಯತ್ಯಾಸ! ಕಣ್ಣಿಗೆ ಕೆಂಪು ಹಸಿರು ಅಂತ ಎಷ್ಟು ಬೇರೆ ಬೇರೆ ಕಾಣ್ತಿತ್ತೋ ಅದೆಲ್ಲ ಬಣ್ಣದ ವ್ಯತ್ಯಾಸ ಮಾತ್ರ, ಬೆಳಕಿನ ವ್ಯತ್ಯಾಸ ಅಲ್ಲಿ ಇರ್ಲೇ ಇಲ್ಲ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಹಾಕಿದ್ರು, ಆಮೇಲೆ ನಮ್ಮ ಕರಾವಳಿಯ ಮಾಡುಗಳೆಲ್ಲ ಕೆಂಪು, ಅದರ ಸುತ್ತ ವರ್ಷವಿಡೀ ಹಸಿರು, ಕೆಳಗೆ ಕೆಂಪು ಮುರಕಲ್ಲು. ಹಾಗಾಗಿ ಈ ತೊಂದ್ರೆ ನಮ್ಮೂರಿನ ಫೋಟೋಗ್ರಾಫರ್‌ಗಳಿಗೆ ದಿನಾ ಬರುವಂಥದ್ದು.

ಅದೇ ನಂಬರ್‌ಗಳಿಗೆ ನಾವು ಬೇರೆ ಪಾಲು ಕೊಡುವ, ಕೆಂಪು 70, ಹಸಿರು 30, ನೀಲಿ 0. ಈಗ ಹಂಚು 144, ಸೋಗೆ 97. ಮಾಡು ಹೊಳೆಯುತ್ತಾ ಎದ್ದು ಬರ್ತದೆ, ತೋಟ ಹಿಂದೆ ಸರೀತದೆ. ತಿರುಗಿಸಿ ಕೆಂಪು 10, ಹಸಿರು 80, ನೀಲಿ 10 ಕೊಟ್ರೆ ಹಂಚು 91, ಸೋಗೆ 113, ಈಗ ಬೆಳಕಿನ ತೋಟದ ಎದುರು ಕಪ್ಪಗಿನ ಮಾಡು. ಫೋಟೋ ಒಂದೇ, ಎರಡೂ ಸುಳ್ಳಲ್ಲ, ನಿಮಗೆ ಮನೆ ಮುಖ್ಯವೋ ತೋಟ ಮುಖ್ಯವೋ ಅದರ ಮೇಲೆ ಹೋಗ್ತದೆ.

ಇನ್ನೊಂದು, ಫೋಟೋಶಾಪ್‌ನಲ್ಲಿ ಡಿಸ್ಯಾಚುರೇಟ್ ಅಂತ ಒಂದು ಕಮಾಂಡ್ ಉಂಟಲ್ಲ, ಕಂಟ್ರೋಲ್ ಶಿಫ್ಟ್ ಯು, ಅದು ಈ ಸೂತ್ರ ಕೂಡ ಬಳಸೋದಿಲ್ಲ. ಮೂರರಲ್ಲಿ ದೊಡ್ಡ ನಂಬರ್ ಮತ್ತೆ ಸಣ್ಣ ನಂಬರ್ ಕೂಡಿಸಿ ಅರ್ಧ ಮಾಡ್ತದೆ ಅಷ್ಟೇ, ಹಾಗಾಗಿ ಅಪ್ಪಟ ಕೆಂಪು, ಅಪ್ಪಟ ಹಸಿರು, ಅಪ್ಪಟ ನೀಲಿ ಮೂರೂ ಒಂದೇ ಬೂದು. ಫೋಟೋಗೆ ಅದನ್ನು ಬಳಸ್ಲೇಬೇಡಿ ಅಂತ ನನ್ನ ಅಭಿಪ್ರಾಯ.

ಹಂತ 1: ಬಣ್ಣ ಇರುವಾಗಲೇ ಕೆಲಸ ಮುಗಿಸಿ

ಸಾಧ್ಯ ಆದ್ರೆ ರಾ ಫೈಲಲ್ಲಿ ತೆಗೀರಿ, ಅಂದ್ರೆ ಸೆನ್ಸರ್ ಹಿಡಿದದ್ದನ್ನು ಜೆಪೆಗ್ ಮಾಡದೆ ಹಾಗೇ ಇಟ್ಟ ಫೈಲ್. ಜೆಪೆಗ್ ಅಂದ್ರೆ 8 ಬಿಟ್, ಒಂದು ಚಾನೆಲಿಗೆ (ಕೆಂಪು, ಹಸಿರು, ನೀಲಿ, ಒಂದೊಂದೂ ಒಂದು ಚಾನೆಲ್) 256 ಮೆಟ್ಟಿಲು ಮಾತ್ರ, 14 ಬಿಟ್ ರಾ ಆದ್ರೆ 16384 ಮೆಟ್ಟಿಲು. ಕಲರ್ ಫೋಟೋದಲ್ಲಿ ಈ ವ್ಯತ್ಯಾಸ ಅಷ್ಟು ಗೊತ್ತಾಗೋದಿಲ್ಲ, ಆದ್ರೆ ಬ್ಲ್ಯಾಕ್ ಅಂಡ್ ವೈಟಲ್ಲಿ ನಾವು ಒಂದು ಬಣ್ಣವನ್ನು ಹಿಡಿದು ಸಮಾ ಎಳೀತೇವೆ, ಆಗ ಆಕಾಶದಲ್ಲಿ ಪಟ್ಟಿ ಪಟ್ಟಿ ಬರ್ತದೆ, ಜೆಪೆಗ್‌ನ 8ಕ್ಕೆ 8ರ ಚೌಕಗಳು ಕೂಡ ಎದ್ದು ಕಾಣ್ತವೆ. ಕ್ಯಾಮೆರಾದಲ್ಲಿ ರಾ ಮತ್ತು ಜೆಪೆಗ್ ಎರಡೂ ಇಟ್ಟು ಪಿಕ್ಚರ್ ಸ್ಟೈಲ್ ಮೋನೋಕ್ರೋಮ್ ಮಾಡಿದ್ರೆ ತೆಗೆಯುವಾಗ ಸ್ಕ್ರೀನಲ್ಲಿ ಬ್ಲ್ಯಾಕ್ ಅಂಡ್ ವೈಟ್ ಕಾಣ್ತದೆ, ಆದ್ರೆ ರಾ ಫೈಲಲ್ಲಿ ಬಣ್ಣ ಪೂರ್ತಿ ಹಾಗೇ ಇರ್ತದೆ. ಬೆಳಕು ನೋಡ್ಲಿಕ್ಕೆ ಕಲೀಬೇಕು ಅನ್ನುವವರಿಗೆ ಇದರಷ್ಟು ಒಳ್ಳೆ ಅಭ್ಯಾಸ ಇಲ್ಲ. ಫೋಟೋಶಾಪಿಗೆ ತರುವಾಗ 16 ಬಿಟ್‌ನಲ್ಲೇ ತನ್ನಿ.

ವೈಟ್ ಬ್ಯಾಲೆನ್ಸ್ ಸರಿ ಮಾಡಿ. ಬಣ್ಣವೇ ಇಲ್ಲದ ಫೋಟೋಗೆ ವೈಟ್ ಬ್ಯಾಲೆನ್ಸ್ ಯಾಕೆ ಅಂತ ತುಂಬಾ ಜನ ಕೇಳ್ತಾರೆ. ವೈಟ್ ಬ್ಯಾಲೆನ್ಸ್ ಅಂದ್ರೆ ಕೆಂಪು ನೀಲಿ ಚಾನೆಲ್‌ಗಳ ತೂಕ, ಅದು ತಪ್ಪಿದ್ರೆ ಎಲೆ ಪೂರ್ತಿ ಹಳದಿ ಸ್ಲೈಡರಿಗೆ ಸೇರ್ತದೆ, ಚರ್ಮ ಕೆಂಪಿಗೆ ಸೇರ್ತದೆ, ಆಮೇಲೆ ನೀವು ಹಸಿರು ಎಳೆದ್ರೆ ಏನೂ ಆಗೋದೇ ಇಲ್ಲ. ಬ್ಲ್ಯಾಕ್ ಅಂಡ್ ವೈಟ್ ಮಾಡಿದ ಮೇಲೂ ಲೈಟ್‌ರೂಮಲ್ಲಿ ಟೆಂಪರೇಚರ್ ಸ್ಲೈಡರ್ ಆಚೆ ಈಚೆ ಮಾಡಿ ನೋಡಿ, ಬೂದು ಬಣ್ಣಗಳೆಲ್ಲ ಅಲುಗಾಡ್ತವೆ.

ಲೆನ್ಸಿನ ದೋಷ, ಅಂದ್ರೆ ತೆಂಗಿನ ಗರಿಯ ಅಂಚಲ್ಲಿ ನೇರಳೆ ಗೆರೆ ಬರ್ತದಲ್ಲ, ಅದನ್ನೂ ಈಗಲೇ ತೆಗೀರಿ. ಬ್ಲ್ಯಾಕ್ ಅಂಡ್ ವೈಟ್ ಮಾಡಿದ್ರೆ ಹೇಗೂ ಹೋಗ್ತದೆ ಅಂತ ಬಿಟ್ರೆ ಅದು ಹೋಗೋದಿಲ್ಲ, ಬೆಳ್ಳಗಿನ ಅಥವಾ ಕಪ್ಪಗಿನ ಗೆರೆಯಾಗಿ ಉಳೀತದೆ.

ಹಂತ 2: ಮೂರು ಚಾನೆಲ್ ಬೇರೆ ಬೇರೆ ತೆರೆದು ನೋಡಿ

ಇದಕ್ಕೆ ಐದು ನಿಮಿಷ ಸಾಕು, ಆದ್ರೆ ನನಗೆ ಅತಿ ಹೆಚ್ಚು ಕಲಿಸಿದ್ದು ಇದೇ. ಫೋಟೋಶಾಪ್‌ನಲ್ಲಿ ಚಾನೆಲ್ಸ್ ಪ್ಯಾನೆಲ್ ತೆರೆದು ರೆಡ್, ಗ್ರೀನ್, ಬ್ಲೂ ಒಂದೊಂದೇ ಕ್ಲಿಕ್ ಮಾಡಿ. ಗಿಂಪ್‌ನಲ್ಲಿ ಕಲರ್ಸ್ ಮೆನುವಿನ ಕಾಂಪೊನೆಂಟ್ಸ್ ಒಳಗೆ ಎಕ್ಸ್‌ಟ್ರಾಕ್ಟ್ ಕಾಂಪೊನೆಂಟ್ ಉಂಟು. ಒಂದು ಫೋಟೋದೊಳಗೆ ಮೂರು ಬ್ಲ್ಯಾಕ್ ಅಂಡ್ ವೈಟ್ ಫೋಟೋ ಈಗಾಗಲೇ ಕೂತಿದೆ, ಅದನ್ನು ನೋಡೋದು ಅಷ್ಟೇ.

ಕೆಂಪು ಚಾನೆಲಲ್ಲಿ ಚರ್ಮ ನಯವಾಗಿ ಬೆಳಕಾಗಿ ಕಾಣ್ತದೆ, ನೀಲಿ ಆಕಾಶ ಕಪ್ಪಾಗ್ತದೆ, ಹಂಚು ಮುರಕಲ್ಲು ಬೆಳಗ್ತದೆ. ಹಸಿರು ಚಾನೆಲ್ ಸಾಮಾನ್ಯವಾಗಿ ಅತಿ ಶುಚಿ, ಯಾಕಂದ್ರೆ ಸಾಮಾನ್ಯ ಕ್ಯಾಮೆರಾದ ಸೆನ್ಸರ್‌ನಲ್ಲಿ ಅರ್ಧದಷ್ಟು ಚುಕ್ಕೆಗಳ ಮೇಲೆ ಹಸಿರು ಫಿಲ್ಟರ್, ಉಳಿದದ್ದು ಕೆಂಪು ನೀಲಿಗೆ ಕಾಲು ಕಾಲು. ನೀಲಿ ಚಾನೆಲಲ್ಲಿ ನಾಯ್ಸ್ (ಕಾಳು ಕಾಳಾದ ಚುಕ್ಕೆ) ಜಾಸ್ತಿ, ಮುಖದ ಪ್ರತಿ ಕಲೆ ಎದ್ದು ಕಾಣ್ತದೆ, ದೂರದ ಮಂಜು ದಪ್ಪ ಆಗ್ತದೆ. ಬೇಸಿಗೆಯಲ್ಲಿ ದೂರದ ಘಟ್ಟ ಮಬ್ಬಾಗಿ ಕಂಡ್ರೆ ಕೆಂಪು ಚಾನೆಲ್ ನೋಡಿ, ಬೆಟ್ಟದ ಗೆರೆ ಬೇರೆಯೇ ತರ ಸ್ಪಷ್ಟ ಬರ್ತದೆ.

ಮೂರರಲ್ಲಿ ಯಾವುದು ನಿಮ್ಮ ಮನಸ್ಸಲ್ಲಿರುವ ಚಿತ್ರಕ್ಕೆ ಹತ್ರ ಉಂಟು ಅಂತ ಒಂದು ಚೀಟಿಯಲ್ಲಿ ಬರ್ಕೊಳ್ಳಿ. ಮುಂದಿನ ಹಂತದಲ್ಲಿ ಕೈ ಆ ಕಡೆಗೇ ಹೋಗ್ಬೇಕು.

ಹಂತ 3: ಕನ್ವರ್ಟ್ ಮಾಡೋದು

ಫೋಟೋಶಾಪ್‌ನಲ್ಲಿ ಬ್ಲ್ಯಾಕ್ ಅಂಡ್ ವೈಟ್ ಅಡ್ಜಸ್ಟ್‌ಮೆಂಟ್ ಲೇಯರ್ ಹಾಕಿ. ಲೇಯರ್ ಅಂದ್ರೆ ಫೋಟೋದ ಮೇಲೆ ಕೂರುವ ಪದರ. ಆರು ಸ್ಲೈಡರ್ ಬರ್ತದೆ, ಸುರುವಿಗೆ ಇರೋದು ಕೆಂಪು 40, ಹಳದಿ 60, ಹಸಿರು 40, ಸಯಾನ್ 60, ನೀಲಿ 20, ಮೆಜೆಂಟಾ 80. ಆ ನಂಬರ್‌ಗಳಿಗೆ ವಿಶೇಷ ಅರ್ಥ ಏನಿಲ್ಲ, ಅಲ್ಲಿಂದ ಹೊರಡೋದು ಅಷ್ಟೇ. ಆ ಪ್ಯಾನೆಲಲ್ಲಿ ಕೈಬೆರಳಿನ ಚಿತ್ರ ಇರುವ ಟೂಲ್ ಉಂಟು, ಅದನ್ನು ಆರಿಸಿ ಫೋಟೋದಲ್ಲಿ ಹಂಚಿನ ಮೇಲೆ ಒತ್ತಿ ಬಲಕ್ಕೆ ಎಳೆದ್ರೆ ಹಂಚಿನ ಬಣ್ಣ ಯಾವುದೋ ಅದೇ ಬೆಳಕಾಗ್ತದೆ, ಎಡಕ್ಕೆ ಎಳೆದ್ರೆ ಕಪ್ಪಾಗ್ತದೆ. ಸ್ಲೈಡರ್ ಹೆಸರು ನೆನಪಿಡುವ ಕೆಲಸವೇ ಇಲ್ಲ. ಲೇಯರ್ ಆದ್ದರಿಂದ ನಾಳೆ ಬಂದು ಬದಲಾಯಿಸ್ಬಹುದು, ಕೆಳಗಿನ ಕಲರ್ ಫೋಟೋಗೆ ಏನೂ ಆಗೋದಿಲ್ಲ. ಬ್ರೌಸರಲ್ಲಿ ಫ್ರೀ ಆಗಿ ನಡೆಯುವ ಫೋಟೋಪಿಯಾದಲ್ಲೂ ಇದೇ ಲೇಯರ್ ಸಿಗ್ತದೆ.

ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ವಿ ಒತ್ತಿದ್ರೆ ಬ್ಲ್ಯಾಕ್ ಅಂಡ್ ವೈಟ್, ಅಲ್ಲಿ ಎಂಟು ಸ್ಲೈಡರ್. ಕಿತ್ತಳೆ ಮತ್ತೆ ನೇರಳೆ ಬೇರೆ ಇರೋದು ದೊಡ್ಡ ಅನುಕೂಲ, ಯಾಕಂದ್ರೆ ನಮ್ಮ ಚರ್ಮ, ಹಂಚು, ಮುರಕಲ್ಲು ಎಲ್ಲ ಹೆಚ್ಚಾಗಿ ಕಿತ್ತಳೆ ಸ್ಲೈಡರಲ್ಲೇ ಬರ್ತದೆ, ಕೆಂಪಲ್ಲಿ ಅಲ್ಲ. ಹಾಗೇ ಹುಲ್ಲು, ಎಲೆ ಹೆಚ್ಚಿನ ಪಾಲು ಹಳದಿಯಲ್ಲಿ ಇರ್ತದೆ. ಎಲೆ ಅಂತ ಹಸಿರು ಸ್ಲೈಡರನ್ನು ಎಳೆದು ಎಳೆದು ಏನೂ ಆಗ್ಲಿಲ್ಲ ಅಂತ ಬಿಡ್ಬೇಡಿ, ಹಳದಿ ಮುಟ್ಟಿ ನೋಡಿ.

ಗಿಂಪ್‌ನಲ್ಲಿ ಮೋನೋ ಮಿಕ್ಸರ್ ಬಳಸಿ, ಕೆಂಪು ಹಸಿರು ನೀಲಿಯ ಪಾಲು ನಾವೇ ಕೊಡೋದು, ಮೇಲೆ ಹೇಳಿದ ಲೆಕ್ಕ ಅಲ್ಲಿ ಹಾಗೇ ಕೂರ್ತದೆ. ಮೂರೂ ಸೇರಿ ಸುಮಾರು ಒಂದು ಬರುವ ಹಾಗೆ ಇಟ್ಕೊಳ್ಳಿ, ಜಾಸ್ತಿ ಆದ್ರೆ ಬಿಳಿ ಸುಟ್ಟು ಹೋಗ್ತದೆ. ಮೊದಲು ಲೇಯರನ್ನು ಡೂಪ್ಲಿಕೇಟ್ ಮಾಡಿಯೇ ಸುರು ಮಾಡಿ. ಡಾರ್ಕ್‌ಟೇಬಲ್‌ನವರಿಗೆ ಕಲರ್ ಕ್ಯಾಲಿಬ್ರೇಷನ್ ಮಾಡ್ಯೂಲಿನ ಗ್ರೇ ಟ್ಯಾಬ್, ಅಲ್ಲಿ ಹಳೇ ಇಲ್‌ಫರ್ಡ್ ಫಿಲ್ಮ್‌ಗಳ ತರ ಕೆಲವು ಪ್ರೀಸೆಟ್ (ಮೊದಲೇ ಮಾಡಿಟ್ಟ ಸೆಟ್ಟಿಂಗ್) ಕೂಡ ಉಂಟು. ಫೋನಲ್ಲಿ ಸ್ನ್ಯಾಪ್‌ಸೀಡ್‌ನ ಬ್ಲ್ಯಾಕ್ ಅಂಡ್ ವೈಟ್ ಟೂಲಲ್ಲಿ ಬಣ್ಣದ ಚುಕ್ಕೆಗಳು ಕಾಣ್ತವಲ್ಲ, ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ, ಹೆಚ್ಚಿನವರು ಅದನ್ನು ಮುಟ್ಟೋದೇ ಇಲ್ಲ, ಅದೇ ಮುಖ್ಯವಾದದ್ದು. ಫಿಲ್ಮ್ ಕಾಲದಲ್ಲಿ ಲೆನ್ಸಿನ ಮುಂದೆ ಹಾಕ್ತಿದ್ದ ಬಣ್ಣದ ಗಾಜಿನ ಕೆಲಸ ಅದು ಮಾಡ್ತದೆ, ಕೆಂಪು ಆರಿಸಿದ್ರೆ ಕೆಂಪು ವಸ್ತು ಬೆಳಕು, ನೀಲಿ ಆಕಾಶ ಕಪ್ಪು.

ಈಗ ನಮ್ಮೂರಲ್ಲಿ ದಿನಾ ಸಿಗುವ ಕೆಲವು ಫೋಟೋ ಹಿಡ್ಕೊಂಡು ನೋಡುವ.

ಆಕಾಶ. ಮಳೆಗಾಲ ಮುಗಿದು ಅಕ್ಟೋಬರ್ ನವೆಂಬರಲ್ಲಿ ಮಲ್ಪೆಯಲ್ಲೋ ಪಣಂಬೂರಲ್ಲೋ ನೀಲಿ ಆಕಾಶ, ಬಿಳಿ ಮೋಡ ಸಿಗ್ತದೆ. ನೀಲಿ ಸ್ಲೈಡರ್ ಕೆಳಗೆ ಎಳೆದ್ರೆ ಮೋಡ ಎದ್ದು ನಿಲ್ತದೆ, ಖುಷಿಯಲ್ಲಿ ಪೂರ್ತಿ ಎಳೀಲಿಕ್ಕೆ ಮನಸ್ಸಾಗ್ತದೆ. ಆಗ ತೆಂಗಿನ ಗರಿಯ ಅಂಚು ಒಮ್ಮೆ 100 ಪರ್ಸೆಂಟಿಗೆ ದೊಡ್ಡದು ಮಾಡಿ ನೋಡಿ, ಪ್ರತಿ ಎಲೆಗೂ ಬಿಳೀ ಅಂಚು ಬಂದಿರ್ತದೆ, ಆಕಾಶದಲ್ಲಿ ಮರಳು ಚೆಲ್ಲಿದ ಹಾಗೆ ನಾಯ್ಸ್ ಇರ್ತದೆ. ನಾನು ಲೈಟ್‌ರೂಮಲ್ಲಿ ನೀಲಿಯನ್ನು ಮೈನಸ್ 30, 35ಕ್ಕಿಂತ ಕೆಳಗೆ ಇಳಿಸೋದು ಅಪರೂಪ, ಇನ್ನೂ ಕಪ್ಪು ಬೇಕಾದ್ರೆ ಮೇಲಿಂದ ಗ್ರೇಡಿಯೆಂಟ್ ಮಾಸ್ಕ್ (ಬದಲಾವಣೆ ಒಂದು ಭಾಗಕ್ಕೆ ಮಾತ್ರ ತಾಗುವ ಹಾಗೆ ಮಾಡುವ ಮುಸುಕು) ಹಾಕಿ ಎಕ್ಸ್‌ಪೋಷರ್ ಸ್ವಲ್ಪ ಇಳಿಸ್ತೇನೆ. ನೀಲಿಯ ಜೊತೆ ಪಕ್ಕದ ಆಕ್ವಾ ಸ್ಲೈಡರನ್ನೂ ಅರ್ಧದಷ್ಟು ಇಳಿಸಿದ್ರೆ ಅಂಚು ಅಷ್ಟು ಒಡೆಯೋದಿಲ್ಲ.

ಜೂನಿಂದ ಸೆಪ್ಟೆಂಬರ್‌ವರೆಗಿನ ಆಕಾಶದ ಕತೆಯೇ ಬೇರೆ. ಮಳೆ ಮೋಡದಲ್ಲಿ ಬಣ್ಣವೇ ಇಲ್ಲ, ಮೂರು ಚಾನೆಲ್ ಒಂದೇ ತರ, ಹಾಗಾಗಿ ಯಾವ ಬಣ್ಣದ ಸ್ಲೈಡರ್ ಎಳೆದ್ರೂ ಮೋಡ ಅಲುಗಾಡೋದಿಲ್ಲ. ಯೂಟ್ಯೂಬಲ್ಲಿ ಬೇರೆ ದೇಶದವರು ಮಾಡಿದ ವೀಡಿಯೋ ನೋಡಿ ನಮ್ಮ ಹುಡುಗರು ನನ್ನ ಆಕಾಶ ಯಾಕೆ ಹಾಗೆ ಬರೋದಿಲ್ಲ ಅಂತ ಬೇಸರ ಮಾಡ್ಕೊಳ್ತಾರೆ, ಕಾರಣ ಇಷ್ಟೇ. ಅಂಥಾ ಮೋಡಕ್ಕೆ ಕರ್ವ್ಸ್ (ಗೆರೆ ಬಗ್ಗಿಸಿ ಟೋನ್ ಬದಲಾಯಿಸುವ ಟೂಲ್) ಮತ್ತೆ ಡಾಡ್ಜ್ ಬರ್ನ್ (ಬೇಕಾದ ಜಾಗ ಮಾತ್ರ ಬೆಳಕು ಅಥವಾ ಕಪ್ಪು ಮಾಡೋದು) ಬೇಕು, ಅದು ಮುಂದೆ ಹೇಳ್ತೇನೆ. ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಕಲ್ಲುಗಳಿಗೂ ಇದೇ ಮಾತು, ಕಲ್ಲಲ್ಲಿ ಬಣ್ಣ ತುಂಬಾ ಕಮ್ಮಿ, ಅಲ್ಲಿ ಕೆಲಸ ಮಾಡೋದು ಪಕ್ಕದಿಂದ ಬೀಳುವ ಬಿಸಿಲು. ನಡು ಮಧ್ಯಾಹ್ನ ತೆಗೆದ ಕಲ್ಲನ್ನು ಯಾವ ಸಾಫ್ಟ್‌ವೇರೂ ಸಂಜೆಯ ಕಲ್ಲು ಮಾಡೋದಿಲ್ಲ.

ಹುಲಿವೇಷ. ಉಡುಪಿಯಲ್ಲಿ ವಿಟ್ಲಪಿಂಡಿಗೆ, ಮಂಗಳೂರಲ್ಲಿ ದಸರಾಕ್ಕೆ ಎಷ್ಟು ಸಾವಿರ ಫೋಟೋ ತೆಗೀತಾರೋ, ಬ್ಲ್ಯಾಕ್ ಅಂಡ್ ವೈಟಲ್ಲಿ ಹೆಚ್ಚಿನದ್ರಲ್ಲಿ ಹುಲಿ ಕರಿಬೂದು ಆಗಿ ಹೋಗಿರ್ತದೆ. ಮೈಯ ಹಳದಿ ಕಿತ್ತಳೆ ಪೈಂಟನ್ನು ಬೆಳಕು ಮಾಡಿ, ಹಳದಿ ಪ್ಲಸ್ 30, ಕಿತ್ತಳೆ ಪ್ಲಸ್ 15 ಹೀಗೆ ಸುರು ಮಾಡಿ, ಕಪ್ಪು ಪಟ್ಟೆಗಳು ಹಾಗೇ ಉಳೀತವೆ ಯಾಕಂದ್ರೆ ಕಪ್ಪಿಗೆ ಬಣ್ಣ ಇಲ್ಲ. ತಕ್ಷಣ ಪಟ್ಟೆ ಎದ್ದು ಹುಲಿ ಹುಲಿಯ ಹಾಗೆ ಕಾಣ್ತದೆ. ಆದ್ರೆ ಹಿಂದೆ ನಿಂತ ಜನರ ಮುಖವೂ ಕಿತ್ತಳೆಯೇ ಅಲ್ವಾ, ಅವರೂ ಬೆಳ್ಳಗಾಗಿ ಕಣ್ಣು ಆ ಕಡೆ ಹೋಗ್ತದೆ. ಫೋಟೋಶಾಪ್ ಆದ್ರೆ ಎರಡು ಬ್ಲ್ಯಾಕ್ ಅಂಡ್ ವೈಟ್ ಲೇಯರ್ ಹಾಕಿ, ಮೇಲಿನದ್ದು ಹುಲಿಗೆ, ಕೆಳಗಿನದ್ದು ಜನರಿಗೆ, ಮೇಲಿನ ಲೇಯರಿನ ಮಾಸ್ಕಲ್ಲಿ ಹುಲಿ ಬಿಟ್ಟು ಉಳಿದದ್ದಕ್ಕೆ ಕಪ್ಪು ಬಳೀರಿ, ಕೆಳಗಿನದ್ರ ಮಾಸ್ಕಲ್ಲಿ ಹುಲಿಗೆ ಮಾತ್ರ ಕಪ್ಪು ಬಳೀರಿ, ಇಲ್ಲದಿದ್ರೆ ಕೆಳಗಿನದ್ದೇ ಹುಲಿಯ ಬಣ್ಣ ತೆಗೆದು ಮೇಲಿನದ್ದಕ್ಕೆ ಕೆಲಸ ಇರೋದಿಲ್ಲ. ಇಡೀ ಫೋಟೋಗೆ ಒಂದೇ ಮಿಕ್ಸ್ ಇರ್ಬೇಕು ಅಂತ ಯಾವ ನಿಯಮವೂ ಇಲ್ಲ.

ಯಕ್ಷಗಾನ. ಇಲ್ಲಿ ಕಷ್ಟ ರಂಗಸ್ಥಳದ ಎಲ್‌ಇಡಿ ಲೈಟು. ಕೆಂಪು ಅಥವಾ ನೇರಳೆ ಲೈಟ್ ಪೂರ್ತಿ ಬಿದ್ದಾಗ ಕೆಂಪು ಚಾನೆಲ್ 255ಕ್ಕೆ ಹೋಗಿ ಹೊಡೀತದೆ, ಮುಖದ ಬಣ್ಣಗಾರಿಕೆಯ ಗೆರೆ ಒಂದೂ ಉಳಿಯೋದಿಲ್ಲ, ಕಲರಲ್ಲಿ ಆ ಫೋಟೋ ಬಿಸಾಡುವ ಹಾಗಿರ್ತದೆ. ಬಿಸಾಡ್ಬೇಡಿ. ಹಸಿರು ಚಾನೆಲ್ ತೆರೆದು ನೋಡಿ, ಹುಬ್ಬು, ನಾಮ, ಕಿರೀಟದ ಕೆಲಸ ಎಲ್ಲ ಅಲ್ಲಿ ಅಡಗಿ ಕೂತಿರ್ತದೆ, ಸ್ವಲ್ಪ ಕಪ್ಪಗೆ ಇರ್ತದೆ ಅಷ್ಟೇ. ಚಾನೆಲ್ ಮಿಕ್ಸರಲ್ಲಿ ಮೋನೋಕ್ರೋಮ್ ಟಿಕ್ ಮಾಡಿ ಕೆಂಪು 0, ಹಸಿರು 100, ನೀಲಿ 0 ಕೊಟ್ಟು ಆಮೇಲೆ ಕರ್ವ್ಸಲ್ಲಿ ಎತ್ತಿ. ಒಂದು ರಾತ್ರಿಯ ಆಟದಲ್ಲಿ ಹೀಗೆ ನಾನು ಉಳಿಸ್ಕೊಂಡ ಬಣ್ಣದ ವೇಷದ ಫೋಟೋ ಈಗಲೂ ನನ್ನ ಮೇಜಿನ ಎದುರು ಉಂಟು.

ಜನರ ಮುಖ. ಇದನ್ನು ಸ್ವಲ್ಪ ಒತ್ತಿ ಹೇಳ್ಬೇಕು. ಕಿತ್ತಳೆ ಸ್ಲೈಡರ್ ಮೇಲೆ ಮಾಡಿದ್ರೆ ಮುಖ ಬೆಳ್ಳಗಾಗ್ತದೆ, ಕಲೆ ಮಾಯ ಆಗ್ತದೆ, ಹಾಗಾಗಿ ಪೇಟೆಯಲ್ಲಿ ಸಿಗುವ ಎಷ್ಟೋ ಪ್ರೀಸೆಟ್‌ಗಳು ಅದನ್ನೇ ಮಾಡ್ತವೆ. ಮಲ್ಪೆ ಬಂದರಲ್ಲೋ ಮಂಗಳೂರಿನ ದಕ್ಕೆಯಲ್ಲೋ ಬೆಳಗ್ಗೆ ಮೀನು ಇಳಿಸುವವರ ಮುಖ ನೋಡಿ, ಬಿಸಿಲಿಗೆ ಕಪ್ಪಾದ ಚರ್ಮದ ಮೇಲೆ ಬೆವರಿನ ಹೊಳಪು, ಕಣ್ಣಿನ ಸುತ್ತ ಗೆರೆ, ಅದೇ ಆ ಫೋಟೋದ ಜೀವ. ಅದನ್ನು ಬೂದಿ ಬಳಿದ ಹಾಗೆ ಬೆಳ್ಳಗೆ ಮಾಡಿದ್ರೆ ಮನುಷ್ಯನೇ ಬದಲಾಗಿ ಹೋಗ್ತಾನೆ. ನಾನು ಕಿತ್ತಳೆಯನ್ನು ಇದ್ದಲ್ಲೇ ಬಿಡ್ತೇನೆ ಅಥವಾ ಐದು ಹತ್ತು ಇಳಿಸ್ತೇನೆ, ಹೊಳಪಿನ ಜಾಗ ಮಾತ್ರ ಸ್ವಲ್ಪ ಎತ್ತುತ್ತೇನೆ. ಚರ್ಮ ಎಷ್ಟು ಕಪ್ಪಿದ್ದರೂ ಹೊಳಪು ಸರಿ ಇದ್ರೆ ಮುಖ ಬೆಳಗ್ತದೆ.

ಭೂತಕೋಲ ನೇಮದ ಫೋಟೋ ಬಗ್ಗೆ ಒಂದು ಮಾತು, ಎಷ್ಟೋ ಕಡೆ ಫೋಟೋ ತೆಗೀಲಿಕ್ಕೆ ಬಿಡೋದಿಲ್ಲ, ಮನೆಯವರನ್ನು ಕೇಳಿಯೇ ತೆಗೀರಿ. ದೊಂದಿ ಬೆಳಕು ಬರೀ ಕೆಂಪು ಹಳದಿ, ನೀಲಿ ಚಾನೆಲಲ್ಲಿ ಹೆಚ್ಚುಕಮ್ಮಿ ಏನೂ ಇರೋದಿಲ್ಲ, ನಾಯ್ಸ್ ಬಿಟ್ಟು. ಹಾಗಾಗಿ ನೀಲಿ ಪಾಲು ಸೊನ್ನೆ ಮಾಡಿದ್ರೆ ರಾತ್ರಿಯ ಫೋಟೋ ಎಷ್ಟೋ ಶುಚಿ ಆಗ್ತದೆ.

ಹಂತ 4: ಕಪ್ಪು ಎಲ್ಲಿ, ಬಿಳಿ ಎಲ್ಲಿ

ಕನ್ವರ್ಟ್ ಆದ ಕೂಡ್ಲೆ ಫೋಟೋ ಸಪ್ಪೆ ಕಾಣೋದು ಸಹಜ. ಲೈಟ್‌ರೂಮಲ್ಲಿ ಆಲ್ಟ್ ಒತ್ತಿ ಹಿಡ್ದು ಬ್ಲ್ಯಾಕ್ಸ್ ಸ್ಲೈಡರ್ ಎಳೆದ್ರೆ ಪೂರ್ತಿ ಕಪ್ಪಾದ ಜಾಗ ಮಾತ್ರ ಕಾಣ್ತದೆ, ವೈಟ್ಸ್ ಎಳೆದ್ರೆ ಪೂರ್ತಿ ಬಿಳಿ ಆದ ಜಾಗ. ಫೋಟೋಶಾಪ್ ಲೆವೆಲ್ಸಲ್ಲೂ ಹೀಗೇ. ಎಲ್ಲೋ ಸಣ್ಣ ಚುಕ್ಕೆ ಅಪ್ಪಟ ಕಪ್ಪು, ಎಲ್ಲೋ ಸಣ್ಣ ಚುಕ್ಕೆ ಅಪ್ಪಟ ಬಿಳಿ ಇದ್ರೆ ಸಾಕು.

ಆಮೇಲೆ ಯಾವ ವಸ್ತು ಎಷ್ಟು ಬೂದು ಇರ್ಬೇಕು ಅನ್ನೋದಕ್ಕೆ ಹಳಬರ ಝೋನ್ ಸಿಸ್ಟಮ್ ಈಗಲೂ ಒಳ್ಳೆ ದಾರಿ. 1940ರ ಆಸುಪಾಸು ಆನ್ಸೆಲ್ ಆಡಮ್ಸ್ ಮತ್ತೆ ಫ್ರೆಡ್ ಆರ್ಚರ್ ಸೇರಿ ಮಾಡಿದ್ದು, ಅಪ್ಪಟ ಕಪ್ಪು 0, ಅಪ್ಪಟ ಬಿಳಿ 10, ನಡುವಿನ ಬೂದು 5. ಅವರು ಫಿಲ್ಮಿಗೆ ಮಾಡಿದ್ದು, ನಾನು ಅದನ್ನು ಬರೀ ಮಾತಾಡ್ಲಿಕ್ಕೆ ಒಂದು ಅಳತೆ ಅಂತ ಬಳಸ್ತೇನೆ. ನಡುವಿನ ಬೂದು ಅಂದ್ರೆ ಕಂಪ್ಯೂಟರಿನ ನಂಬರಲ್ಲಿ ಸುಮಾರು 118. ಬಿಸಿಲಲ್ಲಿರುವ ಮುರಕಲ್ಲಿನ ಗೋಡೆ ಅಲ್ಲಿ ಇಡಿ. ಕಂಬಳದ ಕೋಣದ ಮೈ 2, 3ರ ಹತ್ರ, ಕಪ್ಪು ಆದ್ರೂ ಒಳಗೆ ಸ್ನಾಯು ಕಾಣ್ಬೇಕು. ರಥಬೀದಿಯಲ್ಲಿ ನಡೆಯುವವರ ಬಿಳಿ ಮುಂಡು 8ರ ಹತ್ರ, ನೆರಿಗೆ ಕಾಣುವಷ್ಟು, ನಂಬರಲ್ಲಿ 240 ದಾಟಿದ್ರೆ ನೆರಿಗೆ ಹೋಗ್ಲಿಕ್ಕೆ ಸುರು ಆಗ್ತದೆ.

ಕರ್ವ್ಸಲ್ಲಿ ಎಸ್ ಆಕಾರ ಮಾಡಿ ಅಂತ ಎಲ್ಲರೂ ಹೇಳ್ತಾರೆ, ಸರಿಯೇ, ಆದ್ರೆ ಮಳೆಗಾಲದ ಫೋಟೋಗೆ ಜೋರು ಎಸ್ ಹಾಕಿದ್ರೆ ಮಳೆಯೇ ಹೋಗಿ ಬಿಸಿಲಿನ ಫೋಟೋ ಹಾಗೆ ಆಗ್ತದೆ. ಮಳೆಯ ಫೋಟೋಗೆ ಬೂದು ಬೇಕು, ಹತ್ತು ತರದ ಬೂದು. ಅಲ್ಲಿ ನಾನು ಕರ್ವಿನ ನಡುಭಾಗ ಮಾತ್ರ ಸ್ವಲ್ಪ ಕಡಿದಾಗಿ ಮಾಡ್ತೇನೆ, ಮೋಡ ಇರುವ ಟೋನ್ ಎಲ್ಲುಂಟೋ ಅಲ್ಲಿ ಮಾತ್ರ, ತುದಿ ಎರಡೂ ಮುಟ್ಟೋದಿಲ್ಲ.

ಹಂತ 5: ಡಾಡ್ಜ್ ಮತ್ತು ಬರ್ನ್

ಅತಿ ಹೆಚ್ಚು ಹೊತ್ತು ಕೊಡ್ಬೇಕಾದ್ದು ಇದಕ್ಕೆ. ಡಾರ್ಕ್‌ರೂಮಲ್ಲಿ ಕೈ ಅಡ್ಡ ಹಿಡ್ದು ಒಂದು ಜಾಗಕ್ಕೆ ಬೆಳಕು ಕಮ್ಮಿ ಜಾಸ್ತಿ ಕೊಡ್ತಿದ್ರು, ನಾವು ಬ್ರಶ್ಶಲ್ಲಿ ಮಾಡ್ತೇವೆ. ಫೋಟೋಶಾಪ್ ಅಥವಾ ಗಿಂಪ್‌ನಲ್ಲಿ ಮೇಲೆ ಒಂದು ಹೊಸ ಲೇಯರ್, ಅದಕ್ಕೆ 50 ಪರ್ಸೆಂಟ್ ಗ್ರೇ ತುಂಬಿಸಿ, ಮೋಡ್ ಸಾಫ್ಟ್ ಲೈಟ್ ಮಾಡಿ. ಫೋಟೋ ಏನೂ ಬದಲಾಗೋದಿಲ್ಲ. ಈಗ ಮೆತ್ತಗಿನ ದೊಡ್ಡ ಬ್ರಶ್, ಒಪಾಸಿಟಿ 5ರಿಂದ 10, ಬಿಳಿಯಲ್ಲಿ ಬಳಿದ್ರೆ ಬೆಳಕು, ಕಪ್ಪಲ್ಲಿ ಬಳಿದ್ರೆ ಕತ್ತಲು. ತಪ್ಪಿದ್ರೆ ಬೂದು ಬಳಿದು ಅಳಿಸಿ. ಲೈಟ್‌ರೂಮಲ್ಲಿ ಬ್ರಶ್ ಮಾಸ್ಕ್ ಹಾಕಿ ಎಕ್ಸ್‌ಪೋಷರ್ 0.2, 0.3 ಅಷ್ಟೇ ಇಟ್ಟು ಅದೇ ಕೆಲಸ. ಸ್ನ್ಯಾಪ್‌ಸೀಡಲ್ಲೂ ಡಾಡ್ಜ್ ಅಂಡ್ ಬರ್ನ್ ಬ್ರಶ್ ಉಂಟು.

ಎಲ್ಲಿ ಬಳಿಯೋದು? ಕಂಬಳದ ಫೋಟೋ ತಗೊಳ್ಳಿ. ಕೋಣದ ಸುತ್ತ ಚಿಮ್ಮಿದ ಕೆಸರು ನೀರು ಈಗಾಗಲೇ ಬೆಳಕಿರ್ತದೆ, ಅದರ ಮೇಲಿನ ಅಂಚು ಮಾತ್ರ ಇನ್ನೊಂದು ಚೂರು ಎತ್ತಿ. ಓಡಿಸುವವನ ಭುಜ, ಕೋಣದ ಬೆನ್ನಿನ ಒದ್ದೆ ಹೊಳಪು ಎತ್ತಿ. ಹಿಂದಿನ ಜನ, ಫ್ಲೆಕ್ಸ್, ಬಿಳಿ ಅಂಗಿ ಇದ್ದವರು, ಅದನ್ನೆಲ್ಲ ನಾಲ್ಕೈದು ಸುತ್ತು ಮೆಲ್ಲ ಇಳಿಸಿ. ಇದ್ದ ಬೆಳಕನ್ನೇ ಹಿಂಬಾಲಿಸಿ, ಬೆಳಕು ಬೀಳದ ಕಡೆ ಬೆಳಕು ತರ್ಲಿಕ್ಕೆ ಹೋದ್ರೆ ನೋಡುವವರಿಗೆ ಏನೋ ತಪ್ಪಿದೆ ಅಂತ ಗೊತ್ತಾಗ್ತದೆ. ಮಳೆ ಮೋಡಕ್ಕೂ ಹೀಗೇ, ಮೋಡದ ಹೊಟ್ಟೆಯ ಕಪ್ಪು ಇನ್ನೂ ಸ್ವಲ್ಪ ಕಪ್ಪು, ಅಂಚಿನ ಬೆಳಕು ಇನ್ನೂ ಸ್ವಲ್ಪ ಬೆಳಕು, ಕಾಲು ಗಂಟೆ ಕೂತ್ರೆ ಸ್ಲೈಡರಲ್ಲಿ ಬಾರದ ಆಕಾಶ ಬರ್ತದೆ.

ನಡುನಡುವೆ ಎದ್ದು ಹೋಗಿ ಚಾ ಕುಡ್ದು ಬನ್ನಿ. ಒಂದೇ ಸಮನೆ ನೋಡ್ತಾ ಇದ್ರೆ ಕಣ್ಣು ಒಗ್ಗಿ ಹೋಗಿ ಎಷ್ಟು ಜಾಸ್ತಿ ಆಗಿದೆ ಅಂತ ಗೊತ್ತಾಗೋದಿಲ್ಲ. ಫೋಟೋವನ್ನು ಅಡ್ಡ ತಿರುಗಿಸಿ ಅಥವಾ ತೀರಾ ಸಣ್ಣದು ಮಾಡಿ ನೋಡಿದ್ರೆ ಕಣ್ಣು ಮೊದಲು ಎಲ್ಲಿ ಹೋಗ್ತದೆ ಅಂತ ತಿಳೀತದೆ.

ಹಂತ 6: ಕ್ಲಾರಿಟಿ, ಗ್ರೇನ್, ಟೋನಿಂಗ್

ಕ್ಲಾರಿಟಿ (ಮೇಲ್ಮೈಯ ವಿವರ ಎದ್ದು ಕಾಣುವ ಹಾಗೆ ಮಾಡುವ ಸ್ಲೈಡರ್) ಇಡೀ ಫೋಟೋಗೆ ಹಾಕ್ಬೇಡಿ. ಮುರಕಲ್ಲು, ಹಳೇ ಮರದ ಬಾಗಿಲು, ದೋಣಿಯ ಹಲಗೆ ಇಂಥದ್ದಕ್ಕೆ ಬ್ರಶ್ಶಲ್ಲಿ ಹಾಕಿದ್ರೆ ಚಂದ, ಮುಖಕ್ಕೆ ಮತ್ತೆ ಆಕಾಶಕ್ಕೆ ಹಾಕಿದ್ರೆ ಮಸಿ ಹಿಡಿದ ಹಾಗೆ ಕಾಣ್ತದೆ. ಗ್ರೇನ್, ಅಂದ್ರೆ ಫಿಲ್ಮಿನ ಹಾಗೆ ಸಣ್ಣ ಕಾಳು, ಸ್ವಲ್ಪ ಹಾಕೋದು ನನಗೆ ಇಷ್ಟ, ಅದಕ್ಕೊಂದು ಉಪಯೋಗವೂ ಉಂಟು, ಆಕಾಶದ ಪಟ್ಟಿಗಳನ್ನು ಸಣ್ಣ ಗ್ರೇನ್ ಮುಚ್ಚಿ ಬಿಡ್ತದೆ. ಟೋನಿಂಗ್ (ಬೂದಿಗೆ ತೆಳು ಬಣ್ಣ ಕೊಡೋದು) ಮಾಡುವವರು ನೆರಳಿಗೆ ಮಾತ್ರ ಚೂರು ಕಂದು ಕೊಡಿ, ಸ್ಯಾಚುರೇಷನ್ 5, 6 ಸಾಕು. ಪೂರ್ತಿ ಸೇಪಿಯಾ ಹಾಕಿದ್ರೆ ಫೋಟೋ ಹಳತಾಗೋದಿಲ್ಲ, ಬರೀ ಹಳದಿ ಆಗ್ತದೆ.

ಹಂತ 7: ಸೇವ್ ಮತ್ತು ಪ್ರಿಂಟ್

ಲೇಯರ್ ಇರುವ ಫೈಲ್ ಬೇರೆ ಇಟ್ಕೊಳ್ಳಿ, ಅದನ್ನು ಯಾವತ್ತೂ ಫ್ಲಾಟನ್ (ಎಲ್ಲ ಲೇಯರ್ ಸೇರಿಸಿ ಒಂದು) ಮಾಡ್ಬೇಡಿ. ಕಳಿಸ್ಲಿಕ್ಕೆ, ಹಾಕ್ಲಿಕ್ಕೆ ಬೇಕಾದ ಜೆಪೆಗನ್ನು ಗ್ರೇಸ್ಕೇಲ್ ಮೋಡಲ್ಲಿ ಮಾಡ್ಬೇಡಿ, ಆರ್‌ಜಿಬಿಯಲ್ಲೇ ಇಟ್ಟು ಎಸ್‌ಆರ್‌ಜಿಬಿ ಪ್ರೊಫೈಲ್ ಕೊಡಿ, ಗ್ರೇಸ್ಕೇಲ್ ಪ್ರೊಫೈಲ್ ಸರಿಯಾಗಿ ಓದದ ಆ್ಯಪ್‌ಗಳಲ್ಲಿ ಟೋನ್ ಬದಲಾಗಿ ಕಾಣ್ತದೆ.

ಪ್ರಿಂಟಿಗೆ ಹೋಗುವ ಮೊದಲು ಸ್ಕ್ರೀನಿನ ಬ್ರೈಟ್‌ನೆಸ್ ಇಳಿಸಿ ನೋಡಿ. ಸ್ಕ್ರೀನ್ ಜೋರು ಬೆಳಕಲ್ಲಿ ಇಟ್ಟು ಎಡಿಟ್ ಮಾಡಿದ ಫೋಟೋ ಪ್ರಿಂಟಲ್ಲಿ ಕತ್ತಲಾಗಿ ಬರ್ತದೆ, ಅದು ಹೆಚ್ಚಾಗಿ ಲ್ಯಾಬಿನವರ ತಪ್ಪಲ್ಲ. ಮ್ಯಾಟ್ ಪೇಪರಲ್ಲಿ ಅಷ್ಟು ಆಳದ ಕಪ್ಪು ಬರೋದಿಲ್ಲ, ನೆರಳಿನ ಟೋನ್‌ಗಳು ಒಂದಕ್ಕೊಂದು ಅಂಟಿಕೊಳ್ತವೆ, ಹಾಗಾಗಿ ಮ್ಯಾಟಿಗೆ ನೆರಳನ್ನು ಸ್ವಲ್ಪ ಎತ್ತಿ ಕೊಡಿ. ಕಲರ್ ಲ್ಯಾಬಿನ ಮಿಷಿನಲ್ಲಿ ಬ್ಲ್ಯಾಕ್ ಅಂಡ್ ವೈಟ್ ಹಾಕಿದ್ರೆ ಕೆಲವೊಮ್ಮೆ ಹಸಿರು ಅಥವಾ ಗುಲಾಬಿ ಛಾಯೆ ಬರ್ತದೆ, ದೊಡ್ಡ ಸೈಜಿಗೆ ಮೊದಲು ಫೋಟೋದ ಮುಖ್ಯ ಭಾಗ ಕತ್ತರಿಸಿ ಒಂದು 4ಕ್ಕೆ 6 ಹಾಕಿಸಿ, ಅಂಗಡಿಯ ಹೊರಗೆ ಬಂದು ಹಗಲು ಬೆಳಕಲ್ಲಿ ನೋಡಿ, ಆಮೇಲೆ ದೊಡ್ಡದಕ್ಕೆ ಹೇಳಿ.

ಅಜ್ಜಿಮನೆಯ ಫೋಟೋ ಆಮೇಲೆ ಹೀಗೆ ಮಾಡಿದೆ: ಕಿತ್ತಳೆ ಪ್ಲಸ್ 25, ಕೆಂಪು ಪ್ಲಸ್ 15, ಹಳದಿ ಮೈನಸ್ 20, ಹಸಿರು ಮೈನಸ್ 15, ಅಂಗಳದ ಒದ್ದೆ ಮುರಕಲ್ಲಿಗೆ ಬ್ರಶ್ಶಲ್ಲಿ ಚೂರು ಕ್ಲಾರಿಟಿ, ಮಾಡಿನ ಅಂಚಿಂದ ಇಳಿಯುವ ನೀರಿಗೆ ನಾಲ್ಕು ಸುತ್ತು ಡಾಡ್ಜ್, ತೋಟದ ಮೇಲ್ಭಾಗ ಬರ್ನ್. ಪ್ರಿಂಟ್ 12ಕ್ಕೆ 18, ಲಸ್ಟರ್ ಪೇಪರ್. ಫ್ರೇಮ್ ಹಾಕಿಸುವಾಗ ಗಾಜು ಪ್ರಿಂಟಿಗೆ ತಾಗದ ಹಾಗೆ ನಡುವೆ ಮೌಂಟ್ ಬೋರ್ಡ್ ಇಡ್ಲಿಕ್ಕೆ ಹೇಳಿ, ನಮ್ಮ ಮಳೆಗಾಲದ ತೇವಕ್ಕೆ ಪ್ರಿಂಟ್ ಗಾಜಿಗೆ ಅಂಟಿ ಬೂಸ್ಟು ಹಿಡೀತದೆ, ಮತ್ತೆ ಬಿಡಿಸ್ಲಿಕ್ಕೆ ಆಗೋದಿಲ್ಲ. ದೊಡ್ಡಮ್ಮ ಅದನ್ನು ಚಾವಡಿಯಲ್ಲಿ ಹಾಕಿದ್ದಾರೆ, ಗೋಡೆ ತೇವ ಬರುವ ಕಡೆ ಬಿಟ್ಟು ಒಳಗಿನ ಗೋಡೆಗೆ.